ಎತ್ತು ಈಯಿತು ಅಂದವರ ಹತ್ತಿರ ಮಾತಾಡುವುದು ಹೇಗೆ

ವಾಟ್ಸ್ಯಾಪ್‌ನಲ್ಲಿ ಬಂದ ಒಂದು ಸುದ್ದಿಗಾಗಿ ಸ್ವಂತ ಚಿಕ್ಕಪ್ಪನ ಜೊತೆ ಮಾತು ಬಿಟ್ಟವರು, ಮಾವನ ಎದುರು ದನಿ ಏರಿಸಿ ಆಮೇಲೆ ಒಂದೇ ಪಂಕ್ತಿಯಲ್ಲಿ ಮುಖ ತಿರುಗಿಸಿ ಉಂಡವರು ಡೊಂಬಿವಲಿ, ಕಲ್ಯಾಣ್, ಥಾಣೆ, ನವಿ ಮುಂಬಯಿಯ ನಮ್ಮ ಕನ್ನಡದ ಮನೆಗಳಲ್ಲಿ ಕಡಿಮೆಯೇನಿಲ್ಲ. "ಲಸಿಕೆಯ ಹಿಂದೆ ದೊಡ್ಡ ಸಂಚಿದೆ", "ನೋಟಿನೊಳಗೆ ಚಿಪ್ ಇಟ್ಟಿದ್ದಾರೆ", "ಪೇಪರಿನವರು ಬೇಕೆಂದೇ ಮುಚ್ಚಿಡುತ್ತಾರೆ" ಎಂದು ಹಿರಿಯರು ಶುರುಮಾಡುತ್ತಾರೆ. ನೀವು ಮೊಬೈಲ್ ತೆರೆದು ಗೂಗಲ್ ಮಾಡುತ್ತಾ ಕೂರುತ್ತೀರಿ. ಅರ್ಧ ಗಂಟೆಯಲ್ಲಿ ವಿಷಯ ಎಲ್ಲಿಗೋ ಹೋಗಿ, "ನಾಲ್ಕು ಅಕ್ಷರ ಕಲಿತ ಮಾತ್ರಕ್ಕೆ ನಮಗೇ ಬುದ್ಧಿ ಹೇಳುತ್ತೀಯಾ" ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಸುಳ್ಳು ಕಂಡಾಗ ನಿಮಗೆ ಬರುವ ಸಿಟ್ಟು ತಪ್ಪಲ್ಲ. ಆದರೆ ನೀವು ಅದನ್ನು ತೋರಿಸುವ ರೀತಿಯಿಂದ ಸುಳ್ಳು ಒಂದಿಷ್ಟೂ ಕಮ್ಮಿಯಾಗುತ್ತಿಲ್ಲ, ನಿಮ್ಮವರು ಮಾತ್ರ ದೂರವಾಗುತ್ತಿದ್ದಾರೆ. ಅದಕ್ಕೇ ನಾಲ್ಕು ಮಾತು ಹೇಳಬೇಕಾಗಿದೆ. ಸ್ವಲ್ಪ ಗದರಿದರೂ ಬೇಸರ ಮಾಡಿಕೊಳ್ಳಬೇಡಿ.

ಮೊದಲು ಒಂದು ವಿಷಯ ತಿಳಿದುಕೊಳ್ಳಿ. ಒಳಸಂಚಿನ ಕಥೆ ಬರೀ ತಪ್ಪು ಮಾಹಿತಿಯಲ್ಲ. ರೈಲಿನ ಸಮಯ ತಪ್ಪು ಹೇಳಿದವರಿಗೆ ಸರಿಯಾದ ಸಮಯ ಹೇಳಿದರೆ "ಹೌದಾ" ಎಂದು ಒಪ್ಪುತ್ತಾರೆ. ಸಂಚಿನ ಕಥೆಯಲ್ಲಿ ಹಾಗಾಗುವುದಿಲ್ಲ. ಮನುಷ್ಯ ಚಂದ್ರನ ಮೇಲೆ ಇಳಿದೇ ಇಲ್ಲ, ಅಮೆರಿಕದವರು ಸ್ಟುಡಿಯೋದಲ್ಲಿ ಶೂಟಿಂಗ್ ಮಾಡಿದರು ಎನ್ನುವವರು ನಿಮ್ಮ ಸೊಸೈಟಿಯಲ್ಲೂ ಇರುತ್ತಾರೆ. 1969ರಲ್ಲಿ ಅಪೊಲೊ 11 ಇಳಿದ ಜಾಗದಲ್ಲಿ ಉಳಿದಿರುವ ನೌಕೆಯ ಭಾಗದ ಚಿತ್ರವನ್ನು ನಮ್ಮದೇ ಇಸ್ರೋದ ಚಂದ್ರಯಾನ-2ರ ಆರ್ಬಿಟರ್ ತೆಗೆದಿದೆ ಎಂದು ಹೇಳಿ ನೋಡಿ. "ಹಾಗಾದರೆ ಇಸ್ರೋದವರೂ ಅವರ ಜೊತೆ ಸೇರಿದ್ದಾರೆ" ಎಂಬ ಉತ್ತರ ಬರುತ್ತದೆ. ಸಾಕ್ಷಿ ಕೊಟ್ಟರೆ ಸಾಕ್ಷಿಯೇ ಸಂಚಿನ ಭಾಗ, ಸಾಕ್ಷಿ ಇಲ್ಲದಿದ್ದರೆ ಮುಚ್ಚಿಟ್ಟದ್ದಕ್ಕೆ ಅದೇ ಗುರುತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ನಿಮ್ಮ ಹತ್ತಿರ ಪುರಾವೆ ಕಡಿಮೆ ಇದ್ದದ್ದರಿಂದ ನೀವು ಸೋತಿರೆಂದು ತಿಳಿಯಬೇಡಿ. ಆ ಕಥೆ ಇರುವುದೇ ಪುರಾವೆಯನ್ನು ನುಂಗುವ ಹಾಗೆ.

ಇನ್ನೊಂದು ಕಷ್ಟ ಸಮಯದ್ದು. ಸುಳ್ಳು ಹೇಳಲು ಒಂದು ಸಾಲು ಸಾಕು, ಅದನ್ನು ಬಿಡಿಸಿ ತೋರಿಸಲು ಒಂದು ಸಂಜೆ ಬೇಕು. 2016ರ ನವೆಂಬರ್‌ನಲ್ಲಿ 2000 ರೂಪಾಯಿಯ ನೋಟು ಬಂದಾಗ ಅದರಲ್ಲಿ ನ್ಯಾನೋ ಚಿಪ್ ಇದೆ, ನೆಲದೊಳಗೆ 120 ಮೀಟರ್ ಆಳದಲ್ಲಿ ಹೂತಿಟ್ಟರೂ ಉಪಗ್ರಹಕ್ಕೆ ಗೊತ್ತಾಗುತ್ತದೆ ಎಂಬ ಸುದ್ದಿ ಊರೆಲ್ಲ ಸುತ್ತಿತು. ರಿಸರ್ವ್ ಬ್ಯಾಂಕ್ ಅಂಥದ್ದೇನೂ ಇಲ್ಲ ಎಂದಿತು, ಯಾರು ಕೇಳಿಸಿಕೊಂಡರು? ಅದೇ ತಿಂಗಳು ಉಪ್ಪು ಸಿಗುವುದಿಲ್ಲ ಎಂಬ ಗಾಳಿಸುದ್ದಿ ಹಬ್ಬಿ, ಕೆಲವು ಕಡೆ ಜನ ಕಿಲೋಗೆ 200 ರೂಪಾಯಿ ಮೀರಿ ಕೊಟ್ಟು ಕೊಂಡರು. ಕಾಂಜುರ್‌ಮಾರ್ಗ, ಭಾಂಡುಪ್ ಕಡೆಯ ಉಪ್ಪಿನ ಆಗರಗಳ ಪಕ್ಕದಲ್ಲೇ ದಿನಾ ಲೋಕಲ್‌ನಲ್ಲಿ ಓಡಾಡುವವರು ನಾವು. ಸಮುದ್ರ ಇರುವವರೆಗೆ ಉಪ್ಪಿಗೆ ಬರವೆಲ್ಲಿ ಎಂದು ಒಂದು ಕ್ಷಣ ನಿಂತು ಯೋಚಿಸಲಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ! 2023ರ ಮೇ 19ರಂದು ಆ 2000ದ ನೋಟನ್ನೇ ಚಲಾವಣೆಯಿಂದ ಹಿಂತೆಗೆದುಕೊಳ್ಳುವುದಾಗಿ ರಿಸರ್ವ್ ಬ್ಯಾಂಕ್ ಹೇಳಿತು. ಚಿಪ್ ಇದೆ ಎಂದು ಹಂಚಿದವರಲ್ಲಿ ಒಬ್ಬರಾದರೂ "ನಾವು ಹೇಳಿದ್ದು ಸುಳ್ಳಾಯಿತು" ಎಂದರೇ? ಇಲ್ಲ. ಹೊಸ ಕಥೆಗೆ ಹೋಗಿದ್ದರು. ಇದನ್ನೆಲ್ಲ ತಿಳಿದ ಮೇಲೆ ಒಂದೇ ಕೂತಿನಲ್ಲಿ ವಾದ ಗೆಲ್ಲುತ್ತೇನೆಂಬ ಆಸೆ ಬಿಡಿ.

ಹಾಗಾದರೆ ಸುಮ್ಮನಿರಬೇಕೇ? ಬೇಡ. ಮಾತಾಡಿ, ಆದರೆ ಮಾತಾಡುವುದನ್ನು ಕಲಿತು ಮಾತಾಡಿ. ಮಾತು ಬಲ್ಲವನಿಗೆ ಜಗಳವಿಲ್ಲ.

ಮೊದಲನೆಯ ಮಾತು, ನಗಬೇಡಿ. ನೀವು ನಕ್ಕ ಕ್ಷಣಕ್ಕೆ ಎದುರಿನವರು ವಿಷಯವನ್ನು ಬಿಟ್ಟು ತಮ್ಮ ಮಾನ ಕಾಪಾಡಿಕೊಳ್ಳಲು ಶುರುಮಾಡುತ್ತಾರೆ. ಕಥೆಯ ಹಿಂದೆ ಹೆಚ್ಚಾಗಿ ಒಂದು ಹೆದರಿಕೆ ಇರುತ್ತದೆ, ಆ ಹೆದರಿಕೆಯ ಬೇರು ಎಷ್ಟೋ ಸಲ ನಿಜವಾದದ್ದೇ ಆಗಿರುತ್ತದೆ. ಲಸಿಕೆ ಹಾಕಿಸಿದರೆ ಮುಂದೆ ಮಕ್ಕಳಾಗುವುದಿಲ್ಲ ಎಂಬ ಮಾತು ಪೋಲಿಯೋ ಕಾಲದಿಂದಲೂ ಮತ್ತೆ ಮತ್ತೆ ಬರುತ್ತದೆ. ಅದು ಸುಳ್ಳು. ಆದರೆ 1976-77ರ ತುರ್ತು ಪರಿಸ್ಥಿತಿಯ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆ ನಡೆಯಿತು, ಎಷ್ಟೋ ಜನರನ್ನು ಬಲವಂತವಾಗಿ ಎಳೆದೊಯ್ದರು. ಕಡ್ಡಾಯ ಸಂತಾನಹರಣದ ಮಸೂದೆಯನ್ನು ಪಾಸು ಮಾಡಿದ್ದು ನಮ್ಮ ಈ ಮಹಾರಾಷ್ಟ್ರದ ವಿಧಾನಮಂಡಲವೇ, 1976ರಲ್ಲಿ. ಅದನ್ನು ಕಣ್ಣಾರೆ ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಸರಕಾರದ ಸೂಜಿ ಎಂದರೆ ಅವರ ಎದೆ ಝಲ್ಲೆಂದರೆ ಅದು ದಡ್ಡತನವಲ್ಲ. "ನಿಮ್ಮ ಹೆದರಿಕೆಗೆ ಕಾರಣವಿದೆ, ಆಗ ಅನ್ಯಾಯ ಆದದ್ದು ನಿಜ" ಎಂದು ಮೊದಲು ಒಪ್ಪಿಕೊಳ್ಳಿ. ಆಮೇಲೆ "ಆದರೆ ಇದು ಅದಲ್ಲ" ಎಂದು ಹೇಳಲು ನಿಮಗೆ ಬಾಯಿ ಬರುತ್ತದೆ, ಅವರಿಗೆ ಕಿವಿ ಬರುತ್ತದೆ.

ಎರಡನೆಯದು, "ಸಂಚು ಗಿಂಚು ಏನೂ ಇಲ್ಲ, ಎಲ್ಲ ನಿಮ್ಮ ಭ್ರಮೆ" ಎಂದು ಒಂದೇ ಏಟಿಗೆ ತಳ್ಳಿಹಾಕಬೇಡಿ. ಸಂಚು ಇರುತ್ತದೆ. ಬೆಳಗಾವಿ ಜಿಲ್ಲೆಯ ಖಾನಾಪುರದ ಅಬ್ದುಲ್ ಕರೀಂ ತೆಲಗಿ ಮುಂಬಯಿಯಲ್ಲಿ ಕೂತು ನಕಲಿ ಛಾಪಾ ಕಾಗದ ಮುದ್ರಿಸಿ, ಬ್ಯಾಂಕು, ವಿಮಾ ಕಂಪನಿಗಳಿಗೇ ಮಾರಿದ್ದು ನಿಜವಾದ ಸಂಚು. 2000ದಲ್ಲಿ ಬೆಂಗಳೂರಿನಲ್ಲಿ ನಕಲಿ ಛಾಪಾ ಕಾಗದ ಮಾರುತ್ತಿದ್ದವರು ಸಿಕ್ಕಿಬಿದ್ದರು, 2001ರಲ್ಲಿ ತೆಲಗಿಯೇ ಸೆರೆಯಾದ, ಕೋರ್ಟಿನಲ್ಲಿ ಶಿಕ್ಷೆಯೂ ಆಯಿತು. 2021ರ ಮೇ ತಿಂಗಳಲ್ಲಿ ಕಾಂದಿವಲಿಯ ಒಂದು ಹೌಸಿಂಗ್ ಸೊಸೈಟಿಯಲ್ಲಿ ಸುಮಾರು 390 ಜನರಿಗೆ ಕೋವಿಡ್ ಲಸಿಕೆಯ ಹೆಸರಿನಲ್ಲಿ ನಕಲಿ ಸೂಜಿ ಚುಚ್ಚಿದ್ದೂ ನಿಜವೇ. ಅಲ್ಲಿಯ ಜನರಿಗೆ ಸಂಶಯ ಬಂದದ್ದು ಹೇಗೆ? ಒಬ್ಬರಿಗೂ ಜ್ವರ, ಮೈಕೈ ನೋವು ಬರಲಿಲ್ಲ. ಫೋಟೋ ತೆಗೆಯಲು ಬಿಡಲಿಲ್ಲ. ಸರ್ಟಿಫಿಕೇಟು ಬಂದಾಗ ಒಬ್ಬೊಬ್ಬರದ್ದರಲ್ಲಿ ಒಂದೊಂದು ಆಸ್ಪತ್ರೆಯ ಹೆಸರು. ಅವರು ಆ ಆಸ್ಪತ್ರೆಗಳನ್ನು ವಿಚಾರಿಸಿದರು, ಪೊಲೀಸರಿಗೆ ದೂರು ಕೊಟ್ಟರು, ಮೋಸ ಹೊರಬಿತ್ತು.

ನಮ್ಮ ಡೊಂಬಿವಲಿಯನ್ನೇ ನೋಡಿ. 2014ರ ಜನವರಿಯಲ್ಲಿ ಹಸಿರು ಬಣ್ಣದ ಮಳೆ ಬಿತ್ತು. 2020ರ ಫೆಬ್ರವರಿಯಲ್ಲಿ ಎಂಐಡಿಸಿ ಕೈಗಾರಿಕಾ ಪ್ರದೇಶದ ರಸ್ತೆ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಕಾರ್ಖಾನೆಗಳ ರಾಸಾಯನಿಕದ ಮೇಲೆ ಸಂಶಯಪಟ್ಟು ಬೊಬ್ಬೆ ಹಾಕಿದವರು ಸರಿಯಾಗಿಯೇ ಮಾಡಿದರು. ಸಂಶಯ ಪಡುವುದು ತಪ್ಪಲ್ಲ, ಅದು ನಾಗರಿಕರ ಹಕ್ಕು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಡಾ. ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ಪರೀಕ್ಷೆಗೆಂದು ಸಮಿತಿಯನ್ನೇ ಮಾಡಿ, ಎಷ್ಟು ದೊಡ್ಡವರಾದರೂ ಸರಿ, ತೋರಿಸಿ ಎಂದು ಕೇಳಿದವರು. ಪ್ರಶ್ನೆ ಕೇಳುವವರಿಗೂ ಸಂಚಿನ ಕಥೆ ಹೇಳುವವರಿಗೂ ಇರುವ ವ್ಯತ್ಯಾಸ ಒಂದೇ. ಪ್ರಶ್ನೆ ಕೇಳುವವರು ಉತ್ತರ ಬಂದಾಗ ಅದನ್ನು ಪರೀಕ್ಷಿಸಿ ಒಪ್ಪುತ್ತಾರೆ ಅಥವಾ ಬಿಡುತ್ತಾರೆ. ಕಥೆ ಹೇಳುವವರಿಗೆ ಯಾವ ಉತ್ತರವೂ ಸಾಲುವುದಿಲ್ಲ. ಈ ವ್ಯತ್ಯಾಸವನ್ನು ನಿಮ್ಮ ಮನೆಯವರಿಗೆ ಸಮಾಧಾನದಲ್ಲಿ ತೋರಿಸಿಕೊಡಿ. ನಿಜವಾದ ಸಂಚಿನಲ್ಲಿ ಕಾಗದ ಸಿಗುತ್ತದೆ, ಹಣದ ಜಾಡು ಸಿಗುತ್ತದೆ, ಒಳಗಿನವನೊಬ್ಬ ಬಾಯಿಬಿಡುತ್ತಾನೆ. ಲಕ್ಷಗಟ್ಟಲೆ ಡಾಕ್ಟರುಗಳು, ನರ್ಸುಗಳು, ಆಶಾ ಕಾರ್ಯಕರ್ತೆಯರು ದಶಕಗಟ್ಟಲೆ ಒಂದೇ ಗುಟ್ಟನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದಾರೆಂದರೆ ನಂಬುವುದು ಹೇಗೆ? ಊರ ಬಾಗಿಲು ಮುಚ್ಚಬಹುದು, ಊರ ಬಾಯಿ ಮುಚ್ಚಲಾಗುವುದಿಲ್ಲ.

ಮೂರನೆಯದು, ಗುಂಪಿನಲ್ಲಿ ವಾದಕ್ಕೆ ಇಳಿಯಬೇಡಿ. ಇದು ನೀವು ಮಾಡುವ ದೊಡ್ಡ ತಪ್ಪು. ನೂರು ಜನರಿರುವ ಸಮಾಜದ ಗುಂಪಿನಲ್ಲಿ, ಎಲ್ಲ ನೆಂಟರಿರುವ ಕುಟುಂಬದ ಗುಂಪಿನಲ್ಲಿ ದೊಡ್ಡವರ ತಪ್ಪನ್ನು ಎತ್ತಿ ತೋರಿಸಿದರೆ ಅವರು ಒಪ್ಪಿಕೊಳ್ಳುವುದು ಹೇಗೆ? ಒಪ್ಪಿದರೆ ಮರ್ಯಾದೆ ಹೋಯಿತು, ಒಪ್ಪದಿದ್ದರೆ ಜಗಳವಾಯಿತು. ಗುಂಪಿನಲ್ಲಿ ಹೇಳಲೇಬೇಕಾದರೆ ಒಂದೇ ಸಾಲು ಸಾಕು: "ಇದು ನಿಜವಲ್ಲವೆಂದು ಕಾಣುತ್ತದೆ, ದಯವಿಟ್ಟು ಮುಂದೆ ಕಳಿಸಬೇಡಿ." ಅಷ್ಟೇ. ಅದು ಕಳಿಸಿದವರಿಗಲ್ಲ, ಸುಮ್ಮನೆ ಓದುತ್ತಿರುವ ಉಳಿದವರಿಗೆ. ಆಮೇಲೆ ಕಳಿಸಿದವರಿಗೆ ಫೋನ್ ಮಾಡಿ, ಇಲ್ಲವೇ ಭಾನುವಾರ ಮನೆಗೆ ಹೋಗಿ. ಕೆಲಸ ಮುಗಿಸಿ ಸಂಜೆಯ ಲೋಕಲ್‌ನಲ್ಲಿ ನಿಂತುಕೊಂಡೇ ಬಂದು, ಚಪ್ಪಲಿ ಬಿಚ್ಚುವ ಮೊದಲೇ ವಾದಕ್ಕೆ ನಿಲ್ಲಬೇಡಿ. ಸುಸ್ತಾದ ಬಾಯಿಯಿಂದ ಒಳ್ಳೆಯ ಮಾತು ಬರುವುದಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ನಾಲ್ಕನೆಯದು, ಒಂದು ಸಲಕ್ಕೆ ಒಂದೇ ವಿಷಯ ಹಿಡಿಯಿರಿ. ಅವರು ಲಸಿಕೆಯಿಂದ 5ಜಿಗೆ, 5ಜಿಯಿಂದ ಬ್ಯಾಂಕಿಗೆ ಹಾರುತ್ತಾರೆ, ನೀವು ಹಿಂದೆ ಹಿಂದೆ ಓಡಬೇಡಿ. "ಅದನ್ನು ಆಮೇಲೆ ನೋಡೋಣ, ಈಗ ಇದೊಂದನ್ನು ಮುಗಿಸೋಣ" ಎನ್ನಿ. ನೀವು ಹೇಳುವುದಕ್ಕಿಂತ ಕೇಳುವುದು ಜಾಸ್ತಿಯಿರಲಿ. ಮಗುವಿಗೆ ದಡಾರದ ಲಸಿಕೆ ಹಾಕಿಸುವುದು ಬೇಡ ಎಂದು ಮಾವ ಹಟ ಹಿಡಿದಿದ್ದಾರೆ ಎಂದುಕೊಳ್ಳಿ. ಸೊಸೆಯಾದ ನೀವು ಹೀಗೆ ಮಾತಾಡಿ ನೋಡಿ.

"ಮಾವ, ಮಗುವಿನ ಮೇಲೆ ನಿಮಗೆ ಎಷ್ಟು ಜೀವ ಅಂತ ನನಗೆ ಗೊತ್ತು. ಇದು ಬೇಡ ಅಂತ ನಿಮಗೆ ಯಾಕೆ ಅನ್ನಿಸಿತು?"

"ಮುಂದೆ ಮಕ್ಕಳಾಗದ ಹಾಗೆ ಮಾಡ್ತಾರಂತೆ. ಊರಿನ ಗ್ರೂಪಿನಲ್ಲಿ ಹಾಕಿದ್ದಾರೆ. ಡಾಕ್ಟರೇ ಹೇಳಿದ್ದಂತೆ."

"ಯಾವ ಡಾಕ್ಟರು, ಯಾವ ಆಸ್ಪತ್ರೆ ಅಂತ ಬರೆದಿದ್ದಾರಾ?"

"ಅದೇನೂ ಹಾಕಿಲ್ಲ."

"ಇವರು ಸಣ್ಣವರಿದ್ದಾಗ ನೀವೇ ಎತ್ತಿಕೊಂಡು ಹೋಗಿ ದಡಾರದ ಸೂಜಿ ಹಾಕಿಸಿದ್ದಿರಿ ಅಂತ ಅತ್ತೆ ಹೇಳ್ತಿದ್ದರು. ಇವರಿಗೆ ಮಗು ಆಯ್ತಲ್ಲ ಮಾವ, ನಿಮ್ಮ ತೊಡೆ ಮೇಲೇ ಕೂತಿದೆ."

"ಅದು ಆಗಿನ ಕಾಲದ್ದು. ಈಗಿನದರಲ್ಲಿ ಏನು ಸೇರಿಸ್ತಾರೋ ಯಾರಿಗೆ ಗೊತ್ತು."

"ಸರಿ, ನನಗೂ ಪೂರ್ತಿ ಗೊತ್ತಿಲ್ಲ. ನಾಳೆ ಶಾಸ್ತ್ರಿನಗರ ಆಸ್ಪತ್ರೆಗೆ ನೀವೂ ಬನ್ನಿ. ಡಾಕ್ಟರ ಹತ್ತಿರ ನೀವೇ ಕೇಳಿ. ಅವರು ಹೇಳಿದ ಮೇಲೂ ಸಂಶಯ ಉಳಿದರೆ ಮತ್ತೆ ಕೂತು ಮಾತಾಡೋಣ."

ಇಲ್ಲಿ ಸೊಸೆ ಏನು ಮಾಡಿದಳು ಗಮನಿಸಿ. "ನಿಮಗೆ ಗೊತ್ತಾಗುವುದಿಲ್ಲ" ಎಂಬ ಮಾತು ಒಮ್ಮೆಯೂ ಬರಲಿಲ್ಲ. ಹೆಸರಿಲ್ಲದ ಡಾಕ್ಟರ ಮಾತೆಂದು ಮಾವನೇ ತಮ್ಮ ಬಾಯಿಂದ ಹೇಳುವಂತಾಯಿತು. ದೂರದ ಅಂಕಿಅಂಶದ ಬದಲು ಅವರದೇ ಮಗನನ್ನು ಸಾಕ್ಷಿಗೆ ನಿಲ್ಲಿಸಿದಳು. ಕೊನೆಗೆ ತೀರ್ಪು ಕೊಡಲಿಲ್ಲ, ಬಾಗಿಲು ತೆರೆದಿಟ್ಟಳು. ಡೊಂಬಿವಲಿಯಲ್ಲಿ ಶಾಸ್ತ್ರಿನಗರ, ಕಲ್ಯಾಣದಲ್ಲಿ ರುಕ್ಮಿಣಿಬಾಯಿ, ಕಳವಾದಲ್ಲಿ ಛತ್ರಪತಿ ಶಿವಾಜಿ ಮಹಾರಾಜ್ ಆಸ್ಪತ್ರೆ ಹೀಗೆ ಪಾಲಿಕೆಯ ಆಸ್ಪತ್ರೆಗಳು ನಮ್ಮ ಸುತ್ತ ಇವೆ. ಹಿರಿಯರನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ಅವರ ಪ್ರಶ್ನೆಯನ್ನು ಅವರೇ ಕೇಳಲಿ. ಊರಿನ ಕಡೆಯ, ನಮ್ಮ ಭಾಷೆಯ ಡಾಕ್ಟರು ಪರಿಚಯವಿದ್ದರೆ ಇನ್ನೂ ಒಳ್ಳೆಯದು. ನಿಮ್ಮ ಬಾಯಿಂದ ಕೇಳದ ಮಾತನ್ನು ಅವರ ಬಾಯಿಂದ ಕೇಳುತ್ತಾರೆ. ಅದಕ್ಕೆ ನೀವು ಮುಖ ಸಣ್ಣ ಮಾಡಬೇಡಿ, ಕೆಲಸ ಆಗಬೇಕು.

ದಡಾರದ ಉದಾಹರಣೆಯನ್ನೇ ಹಿಡಿದದ್ದಕ್ಕೆ ಕಾರಣವಿದೆ. 2022ರ ಕೊನೆಯ ತಿಂಗಳುಗಳಲ್ಲಿ ಮುಂಬಯಿಯ ಗೋವಂಡಿಯಲ್ಲಿ, ನಮ್ಮ ಥಾಣೆ ಜಿಲ್ಲೆಯ ಭಿವಂಡಿಯಲ್ಲಿ, ನಾಸಿಕ್ ಕಡೆಯ ಮಾಲೇಗಾಂವ್‌ನಲ್ಲಿ ದಡಾರ ಹಬ್ಬಿ ಮಕ್ಕಳ ಜೀವವನ್ನೇ ತೆಗೆಯಿತು. ಕಾಯಿಲೆ ಬಿದ್ದ ಮಕ್ಕಳಲ್ಲಿ ಹೆಚ್ಚಿನವರಿಗೆ ಲಸಿಕೆ ಆಗಿರಲಿಲ್ಲ ಅಥವಾ ಅರ್ಧಕ್ಕೆ ನಿಂತಿತ್ತು. ಕೋವಿಡ್ ಸಮಯದಲ್ಲಿ ಲಸಿಕೆ ತಪ್ಪಿದ್ದು ಒಂದು ಕಾರಣ, ಲಸಿಕೆಯ ಮೇಲಿನ ಸಂಶಯ ಇನ್ನೊಂದು. ಒಬ್ಬರಿಗೆ ಬಂದ ದಡಾರ, ಲಸಿಕೆ ಇಲ್ಲದ ಕಡೆ, 12ರಿಂದ 18 ಜನರಿಗೆ ಅಂಟಬಲ್ಲದು. ಈ ಲಸಿಕೆಯ ಮೇಲೆ ಗೂಬೆ ಕೂರಿಸಿದ್ದು ಇಂಗ್ಲೆಂಡಿನ ಒಂದು ಲೇಖನ. ಬರೀ 12 ಮಕ್ಕಳನ್ನು ನೋಡಿ, ಇದಕ್ಕೂ ಆಟಿಸಂಗೂ ಸಂಬಂಧವಿರಬಹುದೆಂಬ ಅನುಮಾನ ಹುಟ್ಟಿಸಿ 1998ರಲ್ಲಿ ಅದು ಪ್ರಕಟವಾಯಿತು. 2010ರಲ್ಲಿ ಪತ್ರಿಕೆ ಅದನ್ನು ಹಿಂತೆಗೆದುಕೊಂಡಿತು, ಬರೆದ ಡಾಕ್ಟರ ಪರವಾನಗಿಯೂ ಹೋಯಿತು. 2019ರಲ್ಲಿ ಡೆನ್ಮಾರ್ಕ್‌ನವರು ಆರೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆ ನೋಡಿ ಅಂಥ ಸಂಬಂಧವೇ ಇಲ್ಲವೆಂದು ತೋರಿಸಿದರು. ಆದರೂ ಹಳೆಯ ಸುಳ್ಳು ಇವತ್ತಿಗೂ ಕನ್ನಡದಲ್ಲಿ, ಮರಾಠಿಯಲ್ಲಿ ಓಡಾಡುತ್ತಿದೆ. 2017ರಲ್ಲಿ ಕರ್ನಾಟಕದಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನ ಶುರುವಾದಾಗಲೂ ಇಂಥದ್ದೇ ಮೆಸೇಜುಗಳು ತಾಯಂದಿರನ್ನು ಹೆದರಿಸಿದ್ದವು.

ಐದನೆಯದು, ಸುಳ್ಳನ್ನು ಮತ್ತೆ ಮತ್ತೆ ಹೇಳಿ ಅದಕ್ಕೆ ಬಲ ಕೊಡಬೇಡಿ. "5ಜಿಯಿಂದ ಕೊರೊನಾ ಬರುತ್ತದೆ ಅನ್ನುತ್ತಾರಲ್ಲ, ಅದು ಸುಳ್ಳು" ಎಂದು ಶುರುಮಾಡಿದರೆ ಕೇಳಿದವರ ಮನಸ್ಸಿನಲ್ಲಿ ಉಳಿಯುವುದು 5ಜಿ ಮತ್ತು ಕೊರೊನಾ. ನಿಜವನ್ನು ಮೊದಲು ಹೇಳಿ. "ಕೊರೊನಾ ಉಸಿರಿನಿಂದ ಹರಡುವ ವೈರಾಣು, ರೇಡಿಯೋ ಅಲೆಯ ಮೇಲೆ ಕೂತು ಬರುವುದಿಲ್ಲ. ಎರಡನೇ ಅಲೆ ಬಂದ 2021ರ ಬೇಸಿಗೆಯಲ್ಲಿ ನಮ್ಮ ದೇಶದಲ್ಲಿ 5ಜಿ ನೆಟ್‌ವರ್ಕೇ ಇರಲಿಲ್ಲ, ಅದು ಶುರುವಾದದ್ದು 2022ರ ಅಕ್ಟೋಬರ್‌ನಲ್ಲಿ" ಎನ್ನಿ. ಮೂರು ಮಾತಿನಲ್ಲಿ ಮುಗಿಸಿ. ಹತ್ತು ಕಾರಣ ಕೊಟ್ಟರೆ ಅವರು ಅದರಲ್ಲಿ ಅತಿ ಮೆದುವಾದದ್ದನ್ನು ಹಿಡಿದು ಜಗ್ಗುತ್ತಾರೆ.

ಆರನೆಯದಾಗಿ, "ಏನು ತೋರಿಸಿದರೆ ನೀವು ಒಪ್ಪುತ್ತೀರಿ?" ಎಂದು ಒಮ್ಮೆ ಕೇಳಿ. ಅವರು "ಇಂಥದ್ದು ತೋರಿಸಿದರೆ ಒಪ್ಪುತ್ತೇನೆ" ಎಂದರೆ ಮಾತಿಗೆ ದಾರಿ ಇದೆ, ಅದನ್ನು ಹುಡುಕಿ ತನ್ನಿ. "ಏನು ತೋರಿಸಿದರೂ ಒಪ್ಪುವುದಿಲ್ಲ" ಎಂದರೆ ಆ ದಿನಕ್ಕೆ ಮಾತು ಸಾಕು, ಗೋರ್ಕಲ್ಲ ಮೇಲೆ ಮಳೆ ಸುರಿದಂತೆ ಆಗುತ್ತದೆ. ಆದರೆ ಅದೇ ಪ್ರಶ್ನೆಯನ್ನು ನಿಮಗೂ ಕೇಳಿಕೊಳ್ಳಿ. ನಿಮ್ಮ ಪಕ್ಷದ ಬಗ್ಗೆ, ನಿಮ್ಮ ಜಾತಿಯ ಬಗ್ಗೆ, ನಿಮಗೆ ಆಗದವರ ಬಗ್ಗೆ ಬರುವ ಸುದ್ದಿಯನ್ನು ನೀವು ಪರೀಕ್ಷಿಸಿ ನೋಡುತ್ತೀರಾ? ಮನಸ್ಸಿಗೆ ಹಿತವಾದ ಸುಳ್ಳನ್ನು ಎಲ್ಲರೂ ಬೇಗ ನಂಬುತ್ತೇವೆ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದ್ದು ಬೇರೆಯವರಿಗೆ ಮಾತ್ರವಲ್ಲ.

ಈಗ ನಿಮ್ಮ ಹೆಬ್ಬೆರಳಿನ ವಿಷಯಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ಜೋರಾಗಿಯೇ ಹೇಳಬೇಕು. "ನಾನು ನಂಬಿದ್ದಲ್ಲ, ಇರಲಿ ಅಂತ ಕಳಿಸಿದೆ" ಎನ್ನುತ್ತೀರಲ್ಲ, ಆ "ಇರಲಿ"ಯಿಂದ ಜೀವಗಳು ಹೋಗಿವೆ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸುದ್ದಿಯ ಜೊತೆ ಒಂದು ವಿಡಿಯೋ ಊರೂರು ಸುತ್ತಿತು. ಬೈಕಿನಲ್ಲಿ ಬಂದ ಇಬ್ಬರು ರಸ್ತೆಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ಮಾಡಿದ ಜಾಗೃತಿ ಚಿತ್ರ. ಕೊನೆಯಲ್ಲಿ ಅವರೇ ಮಗುವನ್ನು ವಾಪಸು ತಂದುಬಿಟ್ಟು, ಎಚ್ಚರಿಕೆಯ ಫಲಕ ತೋರಿಸುತ್ತಾರೆ. ಯಾರೋ ಆ ಕೊನೆಯನ್ನು ಕತ್ತರಿಸಿ ಹಾಕಿದ್ದರು. ಕೆಲವೇ ಸೆಕೆಂಡುಗಳ ಕತ್ತರಿ.

ಇಂಥ ಸುದ್ದಿಗಳ ಫಲ ಕೇಳಿ. 2018ರ ಜುಲೈ 1, ಭಾನುವಾರದ ಸಂತೆಯ ದಿನ, ಧುಳೆ ಜಿಲ್ಲೆಯ ರೈನ್‌ಪಾಡಾದಲ್ಲಿ ಐದು ಜನರನ್ನು ಹೊಡೆದು ಕೊಂದರು. ಭಿಕ್ಷೆ ಬೇಡಿ ಬದುಕುವ ಅಲೆಮಾರಿ ಸಮುದಾಯದವರು, ಹೆಚ್ಚಿನವರು ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆ ಕಡೆಯವರು. ಬಸವಣ್ಣನವರ ಹೆಸರಿನೊಂದಿಗೆ ನಾವೆಲ್ಲ ನೆನೆಯುವ ಊರದು. ಅದೇ ಜುಲೈ 13ರಂದು ಬೀದರ ಜಿಲ್ಲೆ ಔರಾದ ತಾಲೂಕಿನ ಮುರ್ಕಿಯಲ್ಲಿ ಹೈದರಾಬಾದಿನಿಂದ ಬಂದಿದ್ದ ಯುವ ಇಂಜಿನಿಯರನ್ನು ಕೊಂದರು. ಜೊತೆಗಿದ್ದವರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಸಂಶಯಕ್ಕೆ ಮೂಲವಾಗಿತ್ತು. 2020ರ ಏಪ್ರಿಲ್ 16ರಂದು, 2014ರವರೆಗೆ ನಮ್ಮ ಥಾಣೆ ಜಿಲ್ಲೆಯಲ್ಲೇ ಇದ್ದ ಪಾಲ್ಘರ್ ಭಾಗದ ಗಡಚಿಂಚಲೆಯಲ್ಲಿ, ಕಾಂದಿವಲಿಯಿಂದ ಸೂರತ್ ಕಡೆಗೆ ಹೊರಟಿದ್ದ ಇಬ್ಬರು ಸಾಧುಗಳನ್ನೂ ಅವರ ಡ್ರೈವರನ್ನೂ ಕಳ್ಳರೆಂಬ ವದಂತಿಯ ಮೇಲೆ ಹೊಡೆದು ಕೊಂದರು. ಹಾಗೆಯೇ 2020ರ ಮಾರ್ಚ್‌ನಲ್ಲಿ ಕೋಳಿಯಿಂದ ಕೊರೊನಾ ಬರುತ್ತದೆಂಬ ಸುದ್ದಿಗೆ ದರ ಬಿದ್ದು, ಗೋಕಾಕ ತಾಲೂಕಿನ ಲೋಲಸೂರಿನ ರೈತರೊಬ್ಬರು ಸುಮಾರು 6000 ಕೋಳಿಗಳನ್ನು ಜೀವಂತ ಹೂತರು. ಇವರೆಲ್ಲರ ಗುಂಡಿ ತೋಡಿದ್ದು ಯಾರು? "ಇರಲಿ" ಎಂದು ಕಳಿಸಿದ ಪ್ರತಿಯೊಂದು ಕೈ.

ಆದ್ದರಿಂದ ಮೆಸೇಜು ಬಂದ ಕೂಡಲೇ ಅದರ ಮುಖ ನೋಡಿ. ಮೇಲೆ ಜೋಡಿ ಬಾಣದ ಗುರುತಿದ್ದರೆ ಅದು ಕೈಯಿಂದ ಕೈಗೆ ಬಹಳ ಸಲ ದಾಟಿ ಬಂದದ್ದು. ಬರೆದವರ ಹೆಸರಿಲ್ಲ, ತಾರೀಕಿಲ್ಲ, ಊರಿಲ್ಲ. "ನಿನ್ನೆ ರಾತ್ರಿ ನಡೆದದ್ದು" ಎಂದಿರುತ್ತದೆ, ಯಾವ ನಿನ್ನೆ ಎಂದಿರುವುದಿಲ್ಲ. "ಅಳಿಸಿಹಾಕುವ ಮೊದಲು ಹತ್ತು ಜನರಿಗೆ ಕಳಿಸಿ" ಎಂಬ ಅವಸರ ಇರುತ್ತದೆ. ಅವಸರ ಮಾಡಿದ ಕಡೆಯಲ್ಲೇ ನೀವು ನಿಧಾನ ಮಾಡಬೇಕು, ಆತುರಗಾರನಿಗೆ ಬುದ್ಧಿ ಮಟ್ಟ. 2018ರ ಕೊಲೆಗಳ ನಂತರ ವಾಟ್ಸ್ಯಾಪ್ ನಮ್ಮ ದೇಶದಲ್ಲಿ ಒಂದು ಸಲಕ್ಕೆ ಐದೇ ಕಡೆ ಕಳಿಸುವ ಮಿತಿ ಹಾಕಿತು. 2020ರಲ್ಲಿ ಬಹಳ ಸಲ ದಾಟಿದ ಮೆಸೇಜನ್ನು ಒಂದು ಸಲಕ್ಕೆ ಒಂದೇ ಕಡೆ ಕಳಿಸುವ ಹಾಗೆ ಮಾಡಿತು, ಅದರಿಂದ ಅಂಥ ಮೆಸೇಜುಗಳ ಓಡಾಟ ಶೇಕಡಾ 70ರಷ್ಟು ಇಳಿಯಿತೆಂದು ಕಂಪನಿ ಹೇಳಿತು. ಕಂಪನಿ ಇಷ್ಟು ಮಾಡಬಹುದಾದರೆ ನೀವು ಒಂದು ಬೆರಳನ್ನು ತಡೆಯಲಾರಿರಾ?

ಎಲ್ಲ ಕಥೆಗೂ ಒಂದೇ ಅಳತೆ ಬೇಡ. ಮೂರು ಬಗೆ ಮಾಡಿಕೊಳ್ಳಿ. ಚಂದ್ರನ ಮೇಲೆ ಯಾರೂ ಹೋಗಿಲ್ಲ ಎಂದು ದೊಡ್ಡಪ್ಪ ನಂಬಿದರೆ ಯಾರಿಗೂ ನಷ್ಟವಿಲ್ಲ. ಅಲ್ಲಿ ಪಟ್ಟು ಹಿಡಿಯಬೇಡಿ, ಬೇರೆ ಮಾತಾಡಿ. ದುಡ್ಡಿಗೆ, ಔಷಧಿಗೆ, ಮಕ್ಕಳ ಲಸಿಕೆಗೆ ಸಂಬಂಧಪಟ್ಟಿದ್ದರೆ ಬಿಡಬೇಡಿ. ಮೇಲೆ ಹೇಳಿದ ಹಾಗೆ ತಾಳ್ಮೆಯಿಂದ ಹಿಂದೆ ಬೀಳಿ, ಡಾಕ್ಟರನ್ನೋ ಬ್ಯಾಂಕಿನವರನ್ನೋ ನಡುವೆ ತನ್ನಿ. ಸಕ್ಕರೆ ಕಾಯಿಲೆಯ ಮಾತ್ರೆ ನಿಲ್ಲಿಸಿ ಕಷಾಯ ಶುರುಮಾಡಿದ ಅಮ್ಮನ ವಿಷಯದಲ್ಲಿ "ಅವರಿಷ್ಟ" ಎನ್ನುವುದು ಮರ್ಯಾದೆಯಲ್ಲ, ಅಸಡ್ಡೆ. ಮೂರನೆಯದು ಜೀವದ ಪ್ರಶ್ನೆ. ಕಾಂಪೌಂಡಿನಲ್ಲಿ ಅಪರಿಚಿತರನ್ನು ಸುತ್ತುವರಿದು ಜನ ಕೂಗಾಡುತ್ತಿದ್ದರೆ ಅಲ್ಲಿ ಕಥೆ ಸರಿಯೋ ತಪ್ಪೋ ಎಂದು ಚರ್ಚೆ ಮಾಡುತ್ತಾ ನಿಲ್ಲಬೇಡಿ. ತಕ್ಷಣ 112ಕ್ಕೆ ಫೋನ್ ಮಾಡಿ. ವಾಚ್‌ಮನ್‌ಗೆ, ಸೆಕ್ರೆಟರಿಗೆ ಹೇಳಿ ಆ ವ್ಯಕ್ತಿಯನ್ನು ಆಫೀಸಿನ ಒಳಗೆ ಕೂರಿಸಿ ಬಾಗಿಲು ಹಾಕಿಸಿ. "ಪೊಲೀಸರು ಬರುತ್ತಿದ್ದಾರೆ, ಅವರೇ ವಿಚಾರಿಸಲಿ" ಎಂಬ ಒಂದೇ ಮಾತನ್ನು ಎಲ್ಲರಿಗೂ ಹೇಳಿ. ವಿಡಿಯೋ ತೆಗೆದು ಗುಂಪಿಗೆ ಹಾಕಬೇಡಿ, ಇನ್ನಷ್ಟು ಜನ ಓಡಿ ಬರುತ್ತಾರೆ.

ಇಷ್ಟೆಲ್ಲ ಮಾಡಿದರೂ ಫಲ ನಿಧಾನವಾಗಿಯೇ ಸಿಗುವುದು. 2024ರಲ್ಲಿ ಅಮೆರಿಕದ ಸಂಶೋಧಕರು, ಸಂಚಿನ ಕಥೆ ನಂಬಿದ ಸುಮಾರು ಎರಡು ಸಾವಿರ ಜನರ ಜೊತೆ ಕಂಪ್ಯೂಟರಿನ ಎಐ ಮಾತಾಡುವಂತೆ ಮಾಡಿದರು. ಅದು ಬೈಯಲಿಲ್ಲ, ಸುಸ್ತಾಗಲಿಲ್ಲ, ಅವರವರು ಕೊಟ್ಟ ಕಾರಣಕ್ಕೆ ತಕ್ಕ ಉತ್ತರ ಕೊಟ್ಟಿತು. ನಂಬಿಕೆ ಸರಾಸರಿ ಶೇಕಡಾ 20ರಷ್ಟು ಇಳಿಯಿತು, ಎರಡು ತಿಂಗಳಾದರೂ ಹಾಗೆಯೇ ಉಳಿಯಿತು. ಇದರಿಂದ ಎರಡು ಪಾಠ. ಇಂಥವರು ಬದಲಾಗುವುದೇ ಇಲ್ಲ ಎಂಬ ನಿಮ್ಮ ಮಾತು ಸರಿಯಲ್ಲ. ಆದರೆ ಪೂರ್ತಿ ಬದಲಾಗಲಿ ಎಂದು ಕಾಯುವುದೂ ಸರಿಯಲ್ಲ. ಐದರಲ್ಲಿ ಒಂದು ಪಾಲು ಕರಗಿದರೆ ಅದೇ ದೊಡ್ಡದು. ಮಷೀನಿಗೆ ಇರುವ ತಾಳ್ಮೆ ಹೆತ್ತವರ ವಿಷಯದಲ್ಲಿ ನಿಮಗೆ ಇರಬೇಡವೇ? ತಾಳಿದವನು ಬಾಳಿಯಾನು.

ಅವರು ಒಂದು ದಿನ ತಾವಾಗಿಯೇ "ಅದೇನೋ ಸುಳ್ಳಂತೆ ಕಣೋ" ಎಂದರೆ "ನಾನು ಆಗಲೇ ಹೇಳಿದ್ದೆನಲ್ಲ" ಎಂದು ಮಾತ್ರ ಅನ್ನಬೇಡಿ. "ಹೌದಾ ಅಪ್ಪ, ಒಳ್ಳೆಯದಾಯ್ತು" ಎಂದು ಬಿಟ್ಟುಬಿಡಿ. ವಾಪಸು ಬರುವವರಿಗೆ ದಾರಿ ಸಲೀಸಾಗಿರಬೇಕು. ಇನ್ನೊಂದು ಮಾತು, ಒಂಟಿಯಾಗಿ ಮನೆಯಲ್ಲಿ ಕೂತವರಿಗೆ ಮೊಬೈಲೇ ಊರು, ಮೊಬೈಲೇ ನೆಂಟರು. ರಿಟೈರಾದ ಅಪ್ಪ ದಿನವಿಡೀ ಯೂಟ್ಯೂಬ್ ನೋಡುತ್ತಾರೆ ಎಂದು ದೂರುತ್ತೀರಿ. ನೀವು ದಿನಕ್ಕೆ ಎಷ್ಟು ಹೊತ್ತು ಅವರ ಹತ್ತಿರ ಕೂತು ಮಾತಾಡುತ್ತೀರಿ? ಅವರನ್ನು ಕನ್ನಡ ಸಂಘದ ಕಾರ್ಯಕ್ರಮಕ್ಕೆ, ಭಜನೆಗೆ, ಯಕ್ಷಗಾನಕ್ಕೆ ಕರೆದುಕೊಂಡು ಹೋಗಿ. ಜನರ ಜೊತೆ ಬೆರೆತವರನ್ನು ಗಾಳಿಮಾತು ಸುಲಭವಾಗಿ ಹಾರಿಸಿಕೊಂಡು ಹೋಗುವುದಿಲ್ಲ.

ಈ ವಾರವೇ ಮೂರು ಕೆಲಸ ಮಾಡಿ. ನಿಮ್ಮ ಮಗುವಿನ ಲಸಿಕೆಯ ಕಾರ್ಡು ತೆಗೆದು, ಯಾವುದು ಬಾಕಿ ಇದೆ ನೋಡಿ ಹಾಕಿಸಿ. ನೀವು ಅಡ್ಮಿನ್ ಆಗಿರುವ ಗುಂಪಿನಲ್ಲಿ "ಹೆಸರು, ಊರು, ತಾರೀಕು ಇಲ್ಲದ ಸುದ್ದಿ ಹಾಕಬಾರದು" ಎಂಬ ನಿಯಮ ಬರೆದು ಹಾಕಿ, ಮೊದಲು ನೀವೇ ಪಾಲಿಸಿ. ಮಾತು ಬಿಟ್ಟಿರುವ ಆ ಚಿಕ್ಕಪ್ಪನಿಗೆ ಫೋನ್ ಮಾಡಿ. ಲಸಿಕೆ, ನೋಟು, 5ಜಿ ಯಾವುದನ್ನೂ ಎತ್ತಬೇಡಿ. ಆರೋಗ್ಯ ವಿಚಾರಿಸಿ, ಭಾನುವಾರ ಊಟಕ್ಕೆ ಬರುತ್ತೇನೆಂದು ಹೇಳಿ, ಹೇಳಿದ ಮೇಲೆ ತಪ್ಪದೆ ಹೋಗಿ.